ಹಲಗೆ ಹಳೆಯದು, ರಬ್ಬರ್ ಹೊಸದು

ನಾನು ಟೇಬಲ್ ಟೆನಿಸ್ ಬಿಟ್ಟಾಗ ಚೆಂಡು 38 ಮಿಲಿಮೀಟರಿನದು, ಒಂದು ಗೇಮ್ 21 ಪಾಯಿಂಟಿನದು. ಮರಳಿ ಮೇಜಿನ ಮುಂದೆ ನಿಂತಾಗ ಚೆಂಡು 40 ಮಿಲಿಮೀಟರಿಗೆ ಬೆಳೆದಿತ್ತು, ಗೇಮ್ 11ಕ್ಕೆ ಇಳಿದಿತ್ತು. ಚೆಂಡು ದೊಡ್ಡದಾದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಮುಗಿದ ಮೇಲೆ. ಪಾಯಿಂಟ್ ಕಡಿಮೆಯಾದದ್ದು ಮರುವರ್ಷ. ಸರ್ವಿಸ್ ಮಾಡುವಾಗ ಚೆಂಡನ್ನು ಕೈಯಿಂದಲೋ ಮೈಯಿಂದಲೋ ಮರೆಮಾಡಬಾರದು ಎಂಬ ನಿಯಮ 2002ರಲ್ಲಿ ಬಂತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಆದ ಮೇಲೆ ಬ್ಯಾಟಿಗೆ ರಬ್ಬರ್ ಅಂಟಿಸುವ ಘಾಟು ವಾಸನೆಯ ಗಮ್ ನಿಷೇಧವಾಯಿತು. 2014ರಲ್ಲಿ ಸೆಲ್ಯುಲಾಯ್ಡ್ ಚೆಂಡು ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಇದೆಲ್ಲ ಆಗುತ್ತಿದ್ದ ವರ್ಷಗಳಲ್ಲಿ ನಾನು ಬ್ಯಾಂಕಿನ ಕೌಂಟರಿನ ಹಿಂದೆ ಬೆಳೆಸಾಲದ ಅರ್ಜಿ, ಪಹಣಿ ನೋಡುತ್ತ ಕೂತಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು — ನನ್ನ ನೌಕರಿಯ ಬಹುಪಾಲು ಈ ಒಂದೇ ರಸ್ತೆಯ ಮೇಲೆ ಕಳೆದಿದೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 150ಎ. ನನ್ನ ಆಟ ಮರಳಿ ಶುರುವಾದದ್ದೂ ಅದೇ ರಸ್ತೆಯ ಮೇಲೆ.

ನಾನು ಓದುತ್ತಿದ್ದಾಗ ಸಿಂಧನೂರಿನಲ್ಲಿ ಟೇಬಲ್ ಟೆನಿಸ್ ಎಂದರೆ ಕಾಲೇಜಿನ ಒಂದು ಉದ್ದನೆಯ ಕೋಣೆ. ಪರೀಕ್ಷೆ ಬಂದಾಗ ಮೇಜು ಗೋಡೆಗೆ ಒರಗುತ್ತಿತ್ತು, ಮುಗಿದ ಮೇಲೆ ಮತ್ತೆ ನಡುವಿಗೆ ಬರುತ್ತಿತ್ತು. ಒಂಬತ್ತು ಅಡಿ ಉದ್ದ, ಐದಡಿ ಅಗಲ, ಎರಡೂವರೆ ಅಡಿ ಎತ್ತರ ಎಂದು ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್, ನಮಗೆ ಬಾಯಿಪಾಠ ಮಾಡಿಸಿದ್ದರು. ಚೆಂಡುಗಳು ಅವರ ಬೀರುವಿನಲ್ಲಿ, ಕೀಲಿಕೈ ಅವರ ಜೇಬಿನಲ್ಲಿ. ಚೆಂಡು ತಗ್ಗು ಬಿದ್ದರೆ ಎಸೆಯುವಂತಿಲ್ಲ. ಕ್ಯಾಂಟೀನಿನಿಂದ ಒಂದು ಲೋಟ ಕುದಿನೀರು ತಂದು ಅದರಲ್ಲಿ ಉರುಳಿಸಬೇಕು, ಒಳಗಿನ ಗಾಳಿ ಹಿಗ್ಗಿ ತಗ್ಗು ತಾನಾಗಿ ಮೇಲೆದ್ದು ಬರುತ್ತಿತ್ತು. ಪೂರ್ತಿ ಒಡೆದ ಚೆಂಡನ್ನು ಮೂಗಿನ ಹತ್ತಿರ ಹಿಡಿದರೆ ಕರ್ಪೂರದ ವಾಸನೆ. ಸೆಲ್ಯುಲಾಯ್ಡ್ ತಯಾರಿಸುವುದೇ ಕರ್ಪೂರ ಬೆರೆಸಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಇಂದಿನ ಪ್ಲಾಸ್ಟಿಕ್ ಚೆಂಡಿಗೆ ಆ ವಾಸನೆ ಇಲ್ಲ. ಆಟಕ್ಕೆ ಅದರಿಂದ ನಷ್ಟವೇನಿಲ್ಲ, ಆದರೂ ಮೊದಲ ದಿನ ನನ್ನ ಮೂಗು ಅದನ್ನು ಹುಡುಕಿತು.

ರಬ್ಬರ್ ಅಂಟಿಸಲು ನಮಗಿದ್ದ ಗಮ್ ಎಂದರೆ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯ ಸೊಲ್ಯೂಷನ್. ಸೈಕಲ್ ಟ್ಯೂಬಿಗೆ ಹಚ್ಚುವುದೇ ಬ್ಯಾಟಿಗೂ. ಹಳ್ಳಿಯ ಕಡೆಯ ಹುಡುಗರ ಬಡತನದ ಉಪಾಯ ಅದು ಎಂದು ನಾವು ತಿಳಿದಿದ್ದೆವು. ಹಾಗಲ್ಲ. 1970ರ ದಶಕದಲ್ಲಿ ಯುರೋಪಿನ ದೊಡ್ಡ ಆಟಗಾರರೂ ಇದೇ ಸೈಕಲ್ ಸೊಲ್ಯೂಷನ್ ಹಚ್ಚಿ ನೋಡಿ, ಅದರ ಆವಿಗೆ ಸ್ಪಂಜ್ ಉಬ್ಬಿ ರಬ್ಬರ್ ಬಿಗಿಯಾಗುತ್ತದೆ, ಚೆಂಡಿಗೆ ವೇಗವೂ ಸ್ಪಿನ್ನೂ ಹೆಚ್ಚುತ್ತದೆ ಎಂದು ಕಂಡುಕೊಂಡಿದ್ದರು. ಮೂವತ್ತು ವರ್ಷ ಜಗತ್ತಿನ ಆಟವೇ ಆ ಗಮ್ಮಿನ ಮೇಲೆ ನಿಂತಿತ್ತು. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲಿ ತೆಗೆದುಹಾಕಿದರು. ಈಗ ನೀರಿನ ಗಮ್.

ಪಿ.ಡಿ. ಸರ್ ಹೈದರಾಬಾದಿನಲ್ಲಿ ಓದಿದವರು. ಅರ್ಜುನ ಪ್ರಶಸ್ತಿ ಪಡೆದ ಹೈದರಾಬಾದಿನ ಮೀರ್ ಖಾಸಿಂ ಅಲಿಯವರ ಆಟವನ್ನು ಕಣ್ಣಾರೆ ಕಂಡವರು. ನಮ್ಮ ಕಡೆಯವರಿಗೆ ಆಗಲೂ ಈಗಲೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮಳೆ ಬಂದು ಕರೆಂಟ್ ಹೋದಾಗ ಸರ್ ಕಥೆ ಹೇಳುತ್ತಿದ್ದರು. ಅವರಿಗೆ ಅತಿ ಪ್ರಿಯವಾದದ್ದು 1952ರ ಮುಂಬಯಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಥೆ. ಏಷ್ಯಾದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅದು. ಜಪಾನಿನ ಹಿರೋಜಿ ಸಾಟೊ ಎಂಬ, ಅಲ್ಲಿಯವರೆಗೆ ಹೊರಗೆ ಯಾರಿಗೂ ಗೊತ್ತಿಲ್ಲದ ಆಟಗಾರ ದಪ್ಪ ಸ್ಪಂಜಿನ ಬ್ಯಾಟ್ ಹಿಡಿದು ಬಂದ. ಅದುವರೆಗೆ ಹೆಚ್ಚಿನವರ ಬ್ಯಾಟಿನಲ್ಲಿ ಗುಳ್ಳೆ ರಬ್ಬರ್ ಮಾತ್ರ. ಚೆಂಡು ತಾಕಿದರೆ ಟಕ್ ಎನ್ನುತ್ತಿತ್ತು, ಆ ಸದ್ದಿನಿಂದಲೇ ಎದುರಾಳಿ ಹೊಡೆತದ ಬಲ ಅಳೆಯುತ್ತಿದ್ದ. ಸಾಟೊನ ಬ್ಯಾಟಿನಿಂದ ಸದ್ದೇ ಇಲ್ಲ. ಫೈನಲ್ಲಿನಲ್ಲಿ ಹಂಗೇರಿಯ ಯೋಜೆಫ್ ಕೊಚಿಯನ್ನನನ್ನು ಸೋಲಿಸಿ ಅವನು ಗೆದ್ದ. ಅಲ್ಲಿಂದ ಬ್ಯಾಟಿನ ಗಲಾಟೆ ಶುರುವಾಗಿ, 1959ರಲ್ಲಿ ಜಾಗತಿಕ ಒಕ್ಕೂಟ ಸ್ಪಂಜ್, ರಬ್ಬರ್ ಸೇರಿ ದಪ್ಪ 4 ಮಿಲಿಮೀಟರ್ ಮೀರಬಾರದು ಎಂದು ಕಟ್ಟು ಹಾಕಿತು. ಆ ಕಟ್ಟು ಇಂದಿಗೂ ಇದೆ.

ಇಷ್ಟು ಕಥೆ ಕೇಳಿದ ಮೇಲೆ ಬ್ಯಾಟಿನ ಬಗ್ಗೆ ನಮಗೆ ಆಸೆ ಹುಟ್ಟದೆ ಇರುತ್ತದೆಯೆ? ಬಟರ್‌ಫ್ಲೈ ಕಂಪನಿಯ ಸ್ರೈವರ್, ಯಸಾಕಾದ ಮಾರ್ಕ್ ಫೈವ್ ಎಂಬ ಹೆಸರುಗಳನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳಲ್ಲಿ ಬೇರೆ ಊರಿನ ಹುಡುಗರ ಬಾಯಲ್ಲಿ ಕೇಳಿದ್ದೆವು, ದೂರದಿಂದ ನೋಡಿದ್ದೆವು. ನಮ್ಮ ಕೈಯಲ್ಲಿದ್ದದ್ದು ಮೀರತ್ತಿನಲ್ಲಿ ತಯಾರಾದ ಸ್ಟ್ಯಾಗ್. ನನ್ನ ಅಣ್ಣ ಭತ್ತದ ಸುಗ್ಗಿ ಮುಗಿದ ಮೇಲೆ ರಾಯಚೂರಿನಿಂದ ತಂದುಕೊಟ್ಟದ್ದು. ಐದು ಪದರದ ಹಲಗೆ, ತುದಿಯಲ್ಲಿ ಅಗಲವಾಗುವ ಹಿಡಿ. ಮದುವೆ, ವರ್ಗಾವಣೆ, ಮನೆ ಕಟ್ಟಿಸುವುದು, ಅಪ್ಪನ ಕಾಯಿಲೆ — ಇದರ ನಡುವೆ ಬ್ಯಾಟು ಟ್ರಂಕ್ ಸೇರಿತು.

ಮರಳಿ ಆಡಲು ಕಾರಣವಾದವನು ಲಿಂಗಸುಗೂರು ಶಾಖೆಯ ನನ್ನ ಕಿರಿಯ ಸಹೋದ್ಯೋಗಿ. ಅವನು ಮತ್ತು ಕೆಲವು ನೌಕರರು ಸೇರಿ ಒಂದು ಖಾಲಿ ಮಳಿಗೆ ಬಾಡಿಗೆಗೆ ಹಿಡಿದು ಮೇಜು ಹಾಕಿದ್ದರು. "ನೀವು ಯೂನಿವರ್ಸಿಟಿ ಆಡಿದವರಂತಲ್ರೀ ಸರ್, ಬರ್ರಿ ಒಮ್ಮೆ" ಎಂದ. ಟ್ರಂಕ್ ತೆಗೆದೆ. ರಬ್ಬರ್ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಹಲಗೆ ಮಾತ್ರ ಹಾಗೇ ಇತ್ತು.

ಹೊಸ ಬ್ಯಾಟ್ ತರಿಸಬೇಕೆ, ಇದನ್ನೇ ಸರಿಮಾಡಬೇಕೆ? ಈ ಪ್ರಶ್ನೆ ಹಿಡಿದು ಪಿ.ಡಿ. ಸರ್ ಮನೆಗೆ ಹೋದೆ. ನಿವೃತ್ತರಾಗಿ ಅವರು ಲಿಂಗಸುಗೂರಿನಲ್ಲೇ ನೆಲೆಸಿದ್ದಾರೆ. ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಊರು, ಹಳೆಯ ಮನೆ, ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಕೂತು ಅವರು ಬ್ಯಾಟನ್ನು ನೋಡಿದ ರೀತಿಯನ್ನು ಯಾರಾದರೂ ಕಲಿಯಬಹುದು. ಮೊದಲು ಹಿಡಿಯನ್ನು ಎರಡು ಬೆರಳಲ್ಲಿ ತೂಗುಬಿಟ್ಟು ಹಲಗೆಯ ನಡುಭಾಗಕ್ಕೆ ಬೆರಳ ಗೆಣ್ಣಿನಿಂದ ಬಡಿದರು. ಸದ್ದು ಒಡಕಾಗಿದ್ದರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ. ಆಮೇಲೆ ಕಿಟಕಿಯ ಗಾಜಿನ ಮೇಲೆ ಹಲಗೆಯನ್ನು ಮಲಗಿಸಿ ಅಂಚಿನಲ್ಲಿ ಬೆಳಕು ನುಸುಳುತ್ತದೆಯೋ ಎಂದು ನೋಡಿದರು, ನುಸುಳಿದರೆ ಸೊಟ್ಟಗಾಗಿದೆ. ಕೊನೆಗೆ ತಲೆಗೂ ಹಿಡಿಗೂ ಸೇರುವ ಜಾಗವನ್ನು ಉಗುರಿನಿಂದ ಸವರಿದರು.

"ಹಲಗಿ ಸತ್ತಿಲ್ಲೋ ತಮ್ಮಾ, ರಬ್ಬರ್ ಸತ್ತೈತಿ" ಎಂದರು. "ರಬ್ಬರ್ ಬದ್ಲಿ ಮಾಡು. ಆದ್ರ ಅದಕ್ಕೂ ಮುಂಚೆ ಒಂದು ತಿಂಗ್ಳು ಎಲ್ಲಾರ ಬ್ಯಾಟೂ ಕೇಳಿ ಇಸ್ಕೊಂಡು ಆಡು. ಈಗಿನ ಕೈಗೆ ಯಾವ್ದು ಹೊಂದತೈತಿ ನೋಡ್ಕೊ. ಹಳೇ ಕೈ ಮರ್ತುಬಿಡು."

ತೂಕ ನೋಡಬೇಕೆಂದಾಗ ಅವರೇ ಬಜಾರಿಗೆ ಕರೆದುಕೊಂಡು ಹೋದರು. ಅವರ ಶಿಷ್ಯನೊಬ್ಬನ ಸರಾಫ ಅಂಗಡಿ. ಬಂಗಾರ ತೂಗುವ ತಕ್ಕಡಿಯ ಮೇಲೆ ನನ್ನ ಹಲಗೆ ಮಲಗಿತು: 86 ಗ್ರಾಂ. ಎರಡು ಬದಿಯ ರಬ್ಬರ್ ಸೇರಿದರೆ ಸುಮಾರು 180 ಗ್ರಾಂ ಆದೀತು, ನಿನ್ನ ಭುಜಕ್ಕೆ ಇದಕ್ಕಿಂತ ಹೆಚ್ಚು ಬೇಡ ಎಂದರು ಸರ್. ವಯಸ್ಸಾದವರು ಆಟಕ್ಕೆ ಮರಳುವಾಗ ವೇಗ, ಸ್ಪಿನ್ ಎಂದೆಲ್ಲ ಕೇಳುತ್ತಾರೆ, ತೂಕ ಕೇಳುವುದಿಲ್ಲ. ಹತ್ತು ಗ್ರಾಂ ವ್ಯತ್ಯಾಸ ಅಂಗಡಿಯಲ್ಲಿ ಕೈಗೆ ತಿಳಿಯುವುದಿಲ್ಲ. ಮೂರನೆಯ ಗೇಮಿನಲ್ಲಿ ಮೊಣಕೈಗೆ ತಿಳಿಯುತ್ತದೆ.

ಸರ್ ಹೇಳಿದಂತೆ ಎಲ್ಲರ ಬ್ಯಾಟೂ ಇಸಿದುಕೊಂಡು ಆಡಿದೆ. ಸಿಂಧನೂರಿನಲ್ಲಿ ರೈಸ್ ಮಿಲ್ ಮಾಲೀಕರ ಮಗನೊಬ್ಬ, ಇಂಜಿನಿಯರಿಂಗ್ ಓದುವ ಹುಡುಗ, ಕಾರ್ಬನ್ ಪದರವಿರುವ ವಿಸ್ಕಾರಿಯಾ ಹಲಗೆಯ ಎರಡೂ ಬದಿಗೆ ಟೆನರ್ಜಿ ರಬ್ಬರ್ ಹಾಕಿಸಿಕೊಂಡಿದ್ದ. 2008ರಲ್ಲಿ ಬಂದ ಆ ರಬ್ಬರಿನ ಸ್ಪಂಜ್ ಒಳಗೇ ಸ್ಪ್ರಿಂಗ್ ಇಟ್ಟಂತೆ ಚೆಂಡನ್ನು ಎಸೆಯುತ್ತದೆ. ಗಮ್ ನಿಷೇಧವಾಗುವ ಹೊತ್ತಿಗೆ, ಗಮ್ ಕೊಡುತ್ತಿದ್ದ ಚುರುಕನ್ನು ರಬ್ಬರಿನಲ್ಲೇ ತುಂಬಿದರು. ಅದನ್ನು ಹಿಡಿದು ಆಡುವುದು ದೊಡ್ಡ ಸುಖ. ಅವನ ತೋಳಿನ ಓಟಕ್ಕೆ ಅದು ಸರಿಹೊಂದಿದೆ, ಆ ಚೆಂಡು ಮೇಜಿನ ಕಡೆಗೆ ಬಾಗಿ ಬೀಳುವುದನ್ನು ನೋಡಲು ನಾನು ಆಟ ನಿಲ್ಲಿಸಿ ಕೂರುತ್ತಿದ್ದೆ. ಆದರೆ ಆ ರಬ್ಬರ್ ಪೂರ್ತಿ ವೇಗದ ಹೊಡೆತವನ್ನು ಕೇಳುತ್ತದೆ. ಅರ್ಧ ಹೊಡೆತ ಕೊಟ್ಟರೆ, ಎದುರಾಳಿಯ ಸ್ಪಿನ್ನಿಗೆ ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದರೂ, ಚೆಂಡು ಮೇಜು ದಾಟುತ್ತದೆ. ದಿನಕ್ಕೆ ನಾಲ್ಕು ತಾಸು ಆಡುವವನಿಗೆ ಸರಿ. ವಾರದಲ್ಲಿ ಎರಡು ಸಂಜೆ, ಬ್ಯಾಂಕ್ ಮುಗಿಸಿ ಬರುವವನಿಗೆ ಅಲ್ಲ. ದುಡ್ಡಿದ್ದರೂ ಅಲ್ಲ.

ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಗೆಳೆಯನ ಬ್ಯಾಟ್ ಇದಕ್ಕೆ ಪೂರ್ತಿ ವಿರುದ್ಧ. ಶಿಫ್ಟ್ ಮುಗಿಸಿ ಲಿಂಗಸುಗೂರಿಗೆ ಬಂದು ಆಡುತ್ತಾನೆ. ಆಟ ಎಂದೂ ಬಿಟ್ಟವನಲ್ಲ. ಭುಜದ ನೋವು ಶುರುವಾದ ಮೇಲೆ ಬ್ಯಾಕ್‌ಹ್ಯಾಂಡ್ ಬದಿಗೆ ಉದ್ದ ಗುಳ್ಳೆಯ ರಬ್ಬರ್ ಹಾಕಿಸಿಕೊಂಡ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಣಿಕಾ ಬಾತ್ರಾ ಸಿಂಗಲ್ಸ್ ಚಿನ್ನ ಗೆದ್ದದ್ದು ಬ್ಯಾಕ್‌ಹ್ಯಾಂಡಿಗೆ ಇಂಥದೇ ರಬ್ಬರ್ ಇಟ್ಟುಕೊಂಡು. ಗುಳ್ಳೆಗಳು ಬಾಗುತ್ತವೆ, ಚೆಂಡನ್ನು ಹಿಡಿಯುವುದಿಲ್ಲ. ನೀವು ಹಾಕಿದ ಟಾಪ್‌ಸ್ಪಿನ್ ನಿಮಗೇ ಬ್ಯಾಕ್‌ಸ್ಪಿನ್ ಆಗಿ ಮರಳಿ ಬರುತ್ತದೆ. ಅವನೆದುರು ಸಿಂಧನೂರಿನ ಹುಡುಗನ ಟೆನರ್ಜಿಯೂ ತಿಣುಕಾಡಿತು. "ನೀನೂ ಹಾಕ್ಸಿಕೋ ಮಾರಾಯಾ, ಭುಜ ಉಳೀತದ" ಎಂದು ಅವನು ಒತ್ತಾಯ ಮಾಡಿದ. ನಾನು ಒಪ್ಪಲಿಲ್ಲ. ಅವನು ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಪೂರ್ತಿ ಕಲಿತು, ಬೇಕೆಂದೇ ಬಿಟ್ಟವನು. ಮರಳಿ ಬಂದವನಿಗೆ ಆ ಹೊಡೆತವೇ ಇನ್ನೂ ಮರಳಿ ಬಂದಿರುವುದಿಲ್ಲ. ಉದ್ದ ಗುಳ್ಳೆ ಹಾಕಿದರೆ ಅದು ಮರಳುವ ದಾರಿಯೇ ಮುಚ್ಚುತ್ತದೆ. ಮೊದಲ ವರ್ಷ ಎರಡೂ ಬದಿಗೆ ಒಂದೇ ಬಗೆಯ ನಯವಾದ ರಬ್ಬರ್ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವರು ಲಿಂಗಸುಗೂರಿನ ಒಬ್ಬ ಹೈಸ್ಕೂಲ್ ಶಿಕ್ಷಕಿ. ಮದುವೆಗೆ ಮುಂಚೆ ಗುಲಬರ್ಗಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು, ಮಕ್ಕಳು ಪಿಯುಸಿ ಮುಗಿಸಿದ ಮೇಲೆ ಮತ್ತೆ ಬಂದರು. ಕೈಗೆ ಸಿಕ್ಕ ದಪ್ಪ ಹಿಡಿಯ ಭಾರದ ಬ್ಯಾಟ್ ಹಿಡಿದು ಆಡಿ ಮಣಿಕಟ್ಟು ನೋವೆಂದು ನಿಲ್ಲಿಸುವುದರಲ್ಲಿದ್ದರು. ಮೇಡಂಗೆ 78 ಗ್ರಾಮಿನ, ತೆಳು ಹಿಡಿಯ ಹಲಗೆ ತರಿಸಿ, ಒಂದೂವರೆ ಮಿಲಿಮೀಟರ್ ಸ್ಪಂಜಿನ ರಬ್ಬರ್ ಅಂಟಿಸಿದೆವು. ತೆಳು ಸ್ಪಂಜಿನಲ್ಲಿ ಚೆಂಡು ಹಲಗೆಗೆ ಬೇಗ ತಾಕುತ್ತದೆ, ವೇಗ ಕಡಿಮೆ, ಆದರೆ ಚೆಂಡು ಎಲ್ಲಿ ತಾಕಿತು ಎಂಬುದು ಬೆರಳಿಗೆ ಸ್ಪಷ್ಟ. ಅವರ ಬ್ಲಾಕ್ ಎಂಥದೆಂದು ಆಮೇಲೆ ನಮಗೆಲ್ಲ ತಿಳಿಯಿತು. ಈಗ ಅವರನ್ನು ಸೋಲಿಸುವುದು ಸುಲಭವಲ್ಲ.

ಬ್ಯಾಟ್ ಆರಿಸುವಾಗ ಕೈ ಎಷ್ಟು ಮುಖ್ಯವೋ ಊರೂ ಅಷ್ಟೇ ಮುಖ್ಯ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೂರು ಊರಿನ ಮೂರು ಕೋಣೆಗಳಲ್ಲಿ ಆಡಿ ಕಂಡುಕೊಂಡೆ. ಸಿಂಧನೂರಿನ ಕೋಣೆಗೆ ತಗಡಿನ ಸೂರು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಫ್ಯಾನ್ ಹಾಕುವಂತಿಲ್ಲ, 2.7 ಗ್ರಾಮಿನ ಚೆಂಡು ಗಾಳಿಗೆ ದಾರಿ ತಪ್ಪುತ್ತದೆ. ಬೆವರಿಳಿದು ಹಿಡಿ ಜಾರುತ್ತದೆ. ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಸಂಜೆಯ ಗಾಳಿಯಲ್ಲಿ ತೇವ ಸೇರಿ ರಬ್ಬರ್ ನುಣುಪಾಗುತ್ತದೆ. ಸುಗ್ಗಿಯಲ್ಲಿ ಮಿಲ್ಲುಗಳ ಹೊಟ್ಟಿನ ಬೂದಿ. ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಸಣ್ಣ ಕರಿ ಪುಡಿ ಕೂರುತ್ತದೆ. ಚೀನಾದ ಹರಿಕೇನ್‌ನಂಥ ಅಂಟು ರಬ್ಬರ್ ಇಲ್ಲಿ ನಡೆಯುವುದಿಲ್ಲ. ಧೂಳನ್ನೆಲ್ಲ ಎಳೆದುಕೊಂಡು ಅರ್ಧ ಗಂಟೆಯಲ್ಲಿ ಅದರ ಹಿಡಿತ ಹೋಗುತ್ತದೆ. ಅಂಟಿಲ್ಲದ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೊದಲಿನಂತಾಗುವ ರಬ್ಬರ್ ನಮಗೆ ಬೇಕು. ಬ್ಯಾಟನ್ನು ಬೈಕಿನ ಡಿಕ್ಕಿಯಲ್ಲೋ ಕಾರಿನಲ್ಲೋ ಬಿಸಿಲಿಗೆ ಬಿಡಬಾರದು. ರಾಯಚೂರು ಜಿಲ್ಲೆಯ ಒಂದು ಬೇಸಿಗೆ ಸಾಕು ರಬ್ಬರ್ ಗಟ್ಟಿಯಾಗಲು.

ಲಿಂಗಸುಗೂರಿನ ಮಳಿಗೆಗೆ ಶಹಾಬಾದ್ ಪರಸಿಯ ನೆಲ. ಕಣ್ಣಿಗೆ ಚೆಂದ, ತಂಪು. ಆದರೆ ಮೇಲೆ ಧೂಳು ಕೂತರೆ ಕಾಲು ಜಾರುತ್ತದೆ. ಅಲ್ಲಿ ಬ್ಯಾಟಿಗಿಂತ ಶೂ ಮುಖ್ಯ: ಬ್ಯಾಡ್ಮಿಂಟನ್ ಆಡುವವರು ಹಾಕುವ, ತಳ ತೆಳ್ಳಗಿದ್ದು ನೆಲ ಹಿಡಿಯುವ ಗಮ್ ಸೋಲಿನ ಶೂ. ವಾಕಿಂಗಿಗೆ ಹಾಕುವ ದಪ್ಪ ತಳದ ಶೂ ಹಾಕಿ ಪಕ್ಕಕ್ಕೆ ಸರಿದರೆ ಪಾದ ಹೊರಳುತ್ತದೆ. ಬಾಗಿಲಲ್ಲಿ ಒದ್ದೆ ಗೋಣಿಚೀಲ ಹಾಸಿದ್ದೇವೆ, ಪ್ರತಿ ಗೇಮಿಗೆ ಒಮ್ಮೆ ತಳ ಒರೆಸಿಕೊಳ್ಳುತ್ತೇವೆ. ಗೋಡೆಗಳಿಗೆ ಸುಣ್ಣ, ಬಿಳಿ ಚೆಂಡು ಅದರಲ್ಲಿ ಕರಗಿಹೋಗುತ್ತದೆ. ಹಾಗಾಗಿ ಕಿತ್ತಳೆ ಬಣ್ಣದ ಚೆಂಡು. ನಿಯಮದಲ್ಲಿ ಎರಡಕ್ಕೂ ಒಪ್ಪಿಗೆ ಇದೆ.

ಮಸ್ಕಿಯ ಮೇಜು ಬೇರೆಯೇ ಮಾತು. ಅಶೋಕನ ಹೆಸರನ್ನೇ ಹೇಳುವ ಶಿಲಾಶಾಸನ 1915ರಲ್ಲಿ ಸಿಕ್ಕ ಊರು ಅದು. ಹೊರಗಿನಿಂದ ಬಂದವರು ಬಸ್ಸಿಳಿದು ಆ ಗುಡ್ಡದ ದಾರಿ ಕೇಳುತ್ತಾರೆ. ಶಾಸನ ಕಂಡುಹಿಡಿದ ಬೀಡನ್ ಬಂಗಾರದ ಅದಿರು ಹುಡುಕುತ್ತಿದ್ದ ಇಂಜಿನಿಯರ್ ಎಂದು ಹಟ್ಟಿಯ ಗೆಳೆಯ ಅಭಿಮಾನದಿಂದ ಹೇಳುತ್ತಿರುತ್ತಾನೆ. ಆ ಊರಿನ ಹುಡುಗರು ಸ್ಥಳೀಯ ಬಡಿಗರಿಂದ ಪ್ಲೈವುಡ್ಡಿನಲ್ಲಿ ಮೇಜು ಮಾಡಿಸಿದ್ದಾರೆ. ಅಳತೆ ತಪ್ಪಿಲ್ಲ, ಹಸಿರು ಬಣ್ಣ, ಬಿಳಿ ಗೆರೆ ಅಚ್ಚುಕಟ್ಟು. ಆದರೆ ಹಲಗೆ ತೆಳು. ನಿಯಮದ ಪ್ರಕಾರ 30 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು ಮೇಜಿನ ಎಲ್ಲ ಕಡೆಯೂ ಸುಮಾರು 23 ಸೆಂಟಿಮೀಟರ್ ಪುಟಿಯಬೇಕು. ಶಾಲೆಯ ಸ್ಕೇಲ್ ನಿಲ್ಲಿಸಿ ಹುಡುಗರ ಜೊತೆ ಬಿಟ್ಟು ನೋಡಿದೆ. ಕಾಲುಗಳ ಮೇಲಿನ ಭಾಗದಲ್ಲಿ ಹತ್ತಿರ ಹತ್ತಿರ ಬಂತು, ನಡುವೆ ಚೆಂಡು ಬಹಳ ಕೆಳಗೇ ನಿಂತಿತು. ಅಂಥ ಮೇಜಿನಲ್ಲಿ ಚೆಂಡು ಎದ್ದೇಳದೆ ಬರುತ್ತದೆ. ಅದನ್ನು ಕೆಳಗಿನಿಂದ ಎತ್ತಿ ನೆಟ್ ದಾಟಿಸಬೇಕು. ಚೆಂಡನ್ನು ನೇರಕ್ಕೆ ಚಿಮ್ಮಿಸುವ ಬಿರುಸು ಹಲಗೆ ಅಲ್ಲಿ ಪ್ರಯೋಜನಕ್ಕೆ ಬಾರದು, ಚೆಂಡನ್ನು ಒಂದು ಕ್ಷಣ ಹಿಡಿದು ಬಿಡುವ ಮೆತ್ತನೆಯ ಮರದ ಹಲಗೆ ಬೇಕು. ಹುಡುಗರಿಗೆ ನಡುವೆ ಇನ್ನೆರಡು ಅಡ್ಡಪಟ್ಟಿ ಹೊಡೆಸಲು ಹೇಳಿದೆ. ಹೊಡೆಸಿದರು, ಸ್ವಲ್ಪ ಸುಧಾರಿಸಿತು.

ಮೂರೂ ಕಡೆ ಆಡಿದ ಮೇಲೆ ನನ್ನ ಹಳೆಯ ಐದು ಪದರದ ಹಲಗೆಯೇ ಉತ್ತರವಾಗಿ ನಿಂತಿತು. ಅದರ ಮೇಲೆ ಅಭಿಮಾನದಿಂದ ಹೇಳುತ್ತಿಲ್ಲ. ಅದು ಬಿರುಕು ಬಿಟ್ಟಿದ್ದರೆ ಅಂಥದೇ ಪೂರ್ತಿ ಮರದ, ಆಲ್‌ರೌಂಡ್ ಎಂದು ಬರೆದಿರುವ ಹಲಗೆ ಕೊಳ್ಳುತ್ತಿದ್ದೆ. ರಬ್ಬರ್ ಎರಡೂ ಬದಿಗೆ ಮಾರ್ಕ್ ಫೈವ್, 1.8 ಮಿಲಿಮೀಟರ್ ಸ್ಪಂಜ್, ಒಂದು ಕೆಂಪು, ಒಂದು ಕಪ್ಪು. 1969ರಲ್ಲಿ ಬಂದ ರಬ್ಬರ್, ಇಂದಿಗೂ ತಯಾರಾಗುತ್ತಿದೆ. ಟೆನರ್ಜಿಗೆ ಹೋಲಿಸಿದರೆ ನಿಧಾನ, ಅಗ್ಗ, ಮತ್ತು ನಾನು ಹೊಡೆದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. 21 ಪಾಯಿಂಟಿನ ಕಾಲದಲ್ಲಿ ಬ್ಯಾಟಿಗೆ ಕೈ ಹೊಂದಿಸಿಕೊಳ್ಳಲು ಹತ್ತು ಪಾಯಿಂಟ್ ಬಿಟ್ಟುಕೊಟ್ಟರೂ ಗೇಮ್ ಉಳಿಯುತ್ತಿತ್ತು. 11ರ ಆಟದಲ್ಲಿ ಹೊಂದಿಸಿಕೊಳ್ಳುವಷ್ಟರಲ್ಲಿ ಗೇಮ್ ಮುಗಿದಿರುತ್ತದೆ. ಮೊದಲ ಚೆಂಡಿನಿಂದಲೇ ಮಾತು ಕೇಳುವ ಬ್ಯಾಟ್ ಬೇಕು.

ಇನ್ನೊಂದು ಮಾತು ಮರಳಿ ಬರುವವರಿಗೆ ಹೇಳಲೇಬೇಕು. ನಿಮ್ಮ ಹಳೆಯ ಸರ್ವಿಸ್ ಮೊದಲಿನಂತೆ ತಿರುಗುವುದಿಲ್ಲ. ಆಗ ರಬ್ಬರ್ ಸರಿಯಿಲ್ಲ ಅನಿಸುತ್ತದೆ, ಇನ್ನೂ ದುಬಾರಿಯ ರಬ್ಬರಿನ ಕಡೆ ಕಣ್ಣು ಹೋಗುತ್ತದೆ. ಕಾರಣ ರಬ್ಬರ್ ಅಲ್ಲ, ಚೆಂಡು. ದೊಡ್ಡ ಚೆಂಡು ನಿಧಾನಕ್ಕೆ ತಿರುಗುತ್ತದೆ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಆದಮೇಲೆ ಇನ್ನಷ್ಟು. ಅದರ ಮೇಲೆ ಕೈ ಮರೆಯ ಸರ್ವಿಸ್ ಈಗ ಫೌಲ್. ಸಾವಿರಗಟ್ಟಲೆ ಸುರಿದರೂ 1990ರ ಸರ್ವಿಸ್ ಮರಳಿ ಬಾರದು. ಆ ದುಡ್ಡಿನಲ್ಲಿ ಒಳ್ಳೆಯ ಚೆಂಡು ಡಜನ್ನುಗಟ್ಟಲೆ ತನ್ನಿ, ಒಬ್ಬರೇ ನಿಂತು ಸರ್ವಿಸ್ ಅಭ್ಯಾಸ ಮಾಡಿ.

ರಬ್ಬರ್ ಕೊರಿಯರಿನಲ್ಲಿ ಬಂತು. ನಮ್ಮ ಮೂರೂ ಊರುಗಳ ಆಟದ ಸಾಮಾನಿನ ಅಂಗಡಿಗಳಲ್ಲಿ ಕ್ರಿಕೆಟ್, ವಾಲಿಬಾಲ್ ಸಾಮಾನೇ ಹೆಚ್ಚು. ಟೇಬಲ್ ಟೆನಿಸಿನದು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿದ ತಯಾರಿ ಬ್ಯಾಟ್ ಮಾತ್ರ. ಅಂಟಿಸುವ ಕೆಲಸವನ್ನು ಸರ್ ಕಟ್ಟೆಯ ಮೇಲೆ ಮಾಡಿದೆವು. ಹಳೆಯ ಸೊಲ್ಯೂಷನ್ನಿನ ಕಂದು ಪೊರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದೆ; ಬ್ಲೇಡಿನಿಂದ ಕೆರೆದರೆ ಮರದ ಎಳೆ ಎದ್ದುಬರುತ್ತದೆ. ನೀರಿನ ಗಮ್ ಹಾಲಿನ ಬಣ್ಣದ್ದು. ಸ್ಪಂಜಿಗೊಂದು ಪದರ, ಹಲಗೆಗೊಂದು ಪದರ, ಸಣ್ಣ ಸ್ಪಂಜಿನ ತುಂಡಿನಿಂದ ತೆಳುವಾಗಿ ಸವರಬೇಕು. ಬಿಳುಪು ಹೋಗಿ ಗಾಜಿನಂತೆ ಪಾರದರ್ಶಕವಾಗುವವರೆಗೆ ಮುಟ್ಟಬಾರದು. ನಮ್ಮ ಊರಿನ ಬಿಸಿಲಿಗೆ ಅದು ನೋಡುನೋಡುತ್ತಿದ್ದಂತೆ ಒಣಗಿತು. ಆಮೇಲೆ ಹಿಡಿಯ ಕಡೆಯಿಂದ ಶುರುಮಾಡಿ, ಎಳೆಯದೆ ಹಿಗ್ಗಿಸದೆ, ರಬ್ಬರನ್ನು ಮೆಲ್ಲಗೆ ಮಲಗಿಸುತ್ತ ಹೋಗಬೇಕು. ಒಳಗಿನಿಂದ ಅಮ್ಮನವರು, ಸರ್ ಅವರ ಮಡದಿ, ಲಟ್ಟಣಿಗೆ ತಂದುಕೊಟ್ಟರು. ಅದರಿಂದ ನಡುವಿನಿಂದ ಅಂಚಿಗೆ ಉರುಳಿಸಿ ಗಾಳಿ ಹೊರಹಾಕಿದೆವು. ರಬ್ಬರಿನ ಮುಖ ಕೆಳಗಾಗಿ ದಪ್ಪ ರಟ್ಟಿನ ಮೇಲಿಟ್ಟು, ಹೊಸ ಬ್ಲೇಡಿನಿಂದ ಅಂಚಿನುದ್ದಕ್ಕೂ ಒಂದೇ ಎಳೆತದಲ್ಲಿ ಕತ್ತರಿಸಿದವರು ಸರ್. ಎಂಬತ್ತರ ಹತ್ತಿರದ ಕೈ, ನಡುಗಲಿಲ್ಲ.

ಶುರುಮಾಡುವ ಮಕ್ಕಳಿಗೆ ಇಷ್ಟೆಲ್ಲ ಬೇಡ. ಕೆಲವು ನೂರು ರೂಪಾಯಿಯ ತಯಾರಿ ಬ್ಯಾಟ್ ಸಾಕು, ಆದರೆ ಎರಡು ವಿಷಯ ನೋಡಿ ಕೊಡಿಸಬೇಕು: ರಬ್ಬರಿನ ಗುಳ್ಳೆಗಳು ಒಳಮುಖವಾಗಿರಬೇಕು, ಸ್ಪಂಜ್ ಇರಬೇಕು. ಚೆಂಡನ್ನು ರಬ್ಬರಿನ ಮೇಲೆ ಉಜ್ಜಿದರೆ ಹಿಡಿಯಬೇಕು, ಜಾರಬಾರದು. ಜಾರುವ ಬ್ಯಾಟಿನಲ್ಲಿ ಸ್ಪಿನ್ ಎಂದರೇನೆಂದು ಮಗುವಿಗೆ ತಿಳಿಯುವುದೇ ಇಲ್ಲ. ಮಸ್ಕಿಯ ಕೋಣೆಗೆ ಬರುವ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಅಂಥ ಬ್ಯಾಟಿನಲ್ಲೇ ಈಗ ಹುಡುಗರಿಗಿಂತ ಚೆನ್ನಾಗಿ ಟಾಪ್‌ಸ್ಪಿನ್ ಹಾಕುತ್ತಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 1–3ರಿಂದ ಸೋತಿತಲ್ಲ, ಆ ಒಂದು ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ತಂದದ್ದು. ಆ ಪಂದ್ಯದ ತುಣುಕನ್ನು ಈ ಮಸ್ಕಿಯ ಹುಡುಗಿ ನನ್ನ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಾಳೆ. "ಇವ್ರೂ ಕನ್ನಡದವ್ರೇನ್ರಿ ಕಾಕಾ?" ಎಂದು ಕೇಳಿದಳು. ಹೌದು, ನಮ್ಮ ರಾಜ್ಯದವರೇ ಎಂದೆ. ಅವಳಿಗೆ ಮುಂದಿನ ಬ್ಯಾಟ್ ಯಾವುದಾಗಬೇಕು ಎಂಬುದೇ ಈಗ ಸರ್ ಮತ್ತು ನನ್ನ ನಡುವಿನ ಚರ್ಚೆ. ಐದು ಪದರದ ಮರವೇ ಇರಲಿ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ, ಸ್ಪಂಜ್ 1.8 ಇರಲಿ ಎಂದು ನಾನು, 2 ಮಿಲಿಮೀಟರೇ ಇರಲಿ, ಬೆಳೆಯುವ ಕೈ ಎಂದು ಸರ್.

ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಒಂದು ಕಾಲಕ್ಕೆ ಕಾಲೇಜಿಗೆ, ಇಲಾಖೆಗೆ ಆಡಿದವರು ಅನೇಕರಿದ್ದಾರೆ. ಅವರಲ್ಲಿ ಕೆಲವರ ಮನೆಯ ಅಟ್ಟದಲ್ಲಿ ಬ್ಯಾಟ್ ಇರಲೇಬೇಕು. ದಯವಿಟ್ಟು ಅದನ್ನು ಹಳೆ ಸಾಮಾನಿನವರಿಗೆ ಹಾಕಬೇಡಿ, ಹೊಸದನ್ನು ಕೊಳ್ಳಲು ಅವಸರವನ್ನೂ ಮಾಡಬೇಡಿ. ಹಲಗೆಯನ್ನು ಬಡಿದು ನೋಡಿ, ಗಾಜಿನ ಮೇಲೆ ಮಲಗಿಸಿ ನೋಡಿ. ಸರಿಯಿದ್ದರೆ ತೆಗೆದುಕೊಂಡು ಯಾವ ಕೋಣೆಗಾದರೂ ಬನ್ನಿ, ನಮ್ಮ ಬ್ಯಾಟುಗಳಲ್ಲಿ ಆಡಿ ನಿಮ್ಮ ಕೈಗೆ ಯಾವ ರಬ್ಬರ್ ಬೇಕೆಂದು ತಿಳಿದುಕೊಳ್ಳಿ; ಅಂಟಿಸಿಕೊಡಲು ನಾವಿದ್ದೇವೆ. ಸೊಟ್ಟಗಾಗಿ ನಿಮ್ಮ ಕೈಗೆ ಒಗ್ಗದಿದ್ದರೂ ತನ್ನಿ. ಮಸ್ಕಿಯಲ್ಲಿ ಆಡಲು ಬರುವ ಮಕ್ಕಳು ಹೆಚ್ಚು, ಬ್ಯಾಟುಗಳು ಕಡಿಮೆ.